ಫಲಕದ ಮೇಲಿನ ಹತ್ತು

ಗಂಡ ಬಿಟ್ಟುಹೋದ ಮೇಲೆ ಗಾಳಿ ಅಕ್ಕನಿಗೆ ಗಂಡಸರನ್ನು ಕಂಡರಾಗುವುದಿಲ್ಲ, ಅದಕ್ಕೇ ಗಾಳಿಯ ವೇಗಕ್ಕೂ ಉಪ್ಪುಖಾರ ಹಚ್ಚಿ ಫಲಕದ ಮೇಲೆ ಬರೆದು ದೋಣಿಯವರನ್ನು ದಡದಲ್ಲೇ ಕೂರಿಸುತ್ತಾಳೆ ಎಂಬುದು ಬಂದರಿನ ಮಾತು.

ಉಪ್ಪುಖಾರ ಹಚ್ಚಿದ್ದು ನಿಜ, ಆದರೆ ಹತ್ತೇ ಹತ್ತು. ಅದಕ್ಕೆ ಕಾರಣ ಗಂಡಸರಲ್ಲ, ಒಂದು ಕೋಣೆ.

ಮೀನು ಹರಾಜಿನ ಕಟ್ಟಡದ ತಾರಸಿಯಲ್ಲಿ ಗಾಳಿಮಾಪಕವಿತ್ತು. ಕಂಬದ ತುದಿಯಲ್ಲಿ ತಿರುಗುವ ಮೂರು ಬಟ್ಟಲು. ಹದಿನಾಲ್ಕು ವರ್ಷಗಳಿಂದ ಅವಳು ದಿನಕ್ಕೆ ನಾಲ್ಕು ಸಲ ಮೂವತ್ತೊಂದು ಮೆಟ್ಟಿಲು ಹತ್ತಿ ಅದರ ಅಂಕಿಯನ್ನು ಓದುತ್ತಿದ್ದಳು. ಕೆಳಗಿಳಿದು, ಹವಾಮಾನ ಕಚೇರಿಯವರು ಫೋನಿನಲ್ಲಿ ಹೇಳಿದ ಮುನ್ಸೂಚನೆಯ ಪಕ್ಕದಲ್ಲಿ ಅದನ್ನು ದೋಣಿ ಕಟ್ಟುವ ಧಕ್ಕೆಯ ಕಪ್ಪು ಫಲಕದ ಮೇಲೆ ಬರೆಯುತ್ತಿದ್ದಳು. ಗಂಟೆಗೆ ಮೂವತ್ತೈದು ಕಿಲೋಮೀಟರ್ ದಾಟಿದರೆ ಸಣ್ಣ ದೋಣಿಗಳು ಇಳಿಯುವಂತಿರಲಿಲ್ಲ.

ಐದು ವರ್ಷಗಳ ಹಿಂದೆ, ಗಂಡ ಹೋದ ತಿಂಗಳೇ, ತಂಗಿ ತನ್ನ ಮನೆಯ ಮೇಲೆ ಅಕ್ಕನಿಗಾಗಿ ಕೋಣೆಯೊಂದನ್ನು ಕಟ್ಟಿಸಿದಳು. "ಬಾಡಿಗೆ ಮನೆ ಅಂದ್ರೆ ನನ್ನ ಹೆಣ ನೋಡ್ತೀಯ, ಅಷ್ಟೇ" ಎಂದಳು. ಆ ಮನೆ ಹರಾಜು ಕಟ್ಟಡಕ್ಕೆ ತಾಗಿಕೊಂಡಂತೆ ನೈಋತ್ಯಕ್ಕಿತ್ತು. ಆ ವರ್ಷದ ಮೊದಲ ನೈಋತ್ಯ ಗಾಳಿಗೆ ಮಾಪಕ ಇಪ್ಪತ್ತೆಂಟು ಎಂದಿತು. ಅವಳೂ ಹಾಗೇ ಬರೆದಳು. ಸಂಜೆಗೆ ಒಂದು ದೋಣಿ ಮಗುಚಿತು. ಅದರಲ್ಲಿದ್ದ ಇಬ್ಬರೂ ಖಾಲಿ ಡಬ್ಬಗಳನ್ನು ತಬ್ಬಿಕೊಂಡು ತೇಲುತ್ತ ದಡ ಸೇರಿದರು.

ಅಂದು ಕೋಣೆಯ ಕಿಟಕಿ ದಿನವಿಡೀ ಬಡಿದುಕೊಂಡಿದ್ದು ಆಗ ಅವಳಿಗೆ ನೆನಪಾಯಿತು. ದೀಪಸ್ತಂಭದವನಿಗೆ ವಾರಗಟ್ಟಲೆ ಫೋನ್ ಮಾಡಿ ಅಲ್ಲಿನ ಮಾಪಕದ ಅಂಕಿಗಳನ್ನು ತನ್ನವಕ್ಕೆ ಹೋಲಿಸಿ ನೋಡಿದಳು. ನೈಋತ್ಯ ಬೀಸಿದಾಗಲೆಲ್ಲ ಹತ್ತರ ಅಂತರ! ತಾನು ಮಲಗುವ ಗೋಡೆಯೇ ಮಾಪಕಕ್ಕೆ ಮರೆಯಾಗಿತ್ತು. ಹೇಳಿದರೆ ಕೋಣೆ ಕೆಡವಬೇಕಾದೀತು. ಹೇಳದಿದ್ದರೆ ಜೀವ ಹೋದೀತು. ಅವಳು ಬಾಯಿ ಮುಚ್ಚಿಕೊಂಡು ಹತ್ತು ಸೇರಿಸತೊಡಗಿದಳು.

ಈ ವರ್ಷ ಫಲಕ ಎಂಟು ದಿನ ಬಿಡದೆ ದೋಣಿಗಳನ್ನು ತಡೆಯಿತು. "ಗಾಳಿ ಬಂದಾಗ ತೂರಿಕೋ ಅಂತಾರೆ, ನಮ್ಮಕ್ಕ ಗಾಳಿ ಬರದೇನೂ ತೂರ್ತಾಳಲ್ಲ!" ಎಂದು ಮುದಿ ದೋಣಿಯವನೊಬ್ಬ ನಗಿಸಿದ, ನಕ್ಕವರೇ ದೂರು ಬರೆದರು. ಹವಾಮಾನ ಕಚೇರಿಯ ಅಧಿಕಾರಿ ಬಂದು ಮಾಪಕದ ದಾಖಲೆಯನ್ನೂ ಅವಳು ಅಂಕಿ ಬರೆದಿಡುವ ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡರು.

"ಹತ್ತು ಸೇರಿಸೋಕೆ ಯಾರಮ್ಮ ಹೇಳಿದ್ದು ನಿಮಗೆ?"

"ಯಾರೂ ಇಲ್ಲ ಸರ್. ಬನ್ನಿ, ನಮ್ಮನೆಗೆ ಒಂದು ನಿಮಿಷ."

ಮಂಡಿ ಹಿಡಿದುಕೊಂಡು ಮೇಲೆ ಹತ್ತಿ ಕಿಟಕಿ ತೆರೆದಳು. ಮೇಜಿನ ಮೇಲಿದ್ದ ಕಾಗದಗಳೆಲ್ಲ ಬಾಗಿಲಿಗೆ ಹಾರಿದವು. ಅಧಿಕಾರಿ ಚೀಲದಿಂದ ಕೈಮಾಪಕ ತೆಗೆದು ಕಿಟಕಿಯ ಹೊರಗೆ ಹಿಡಿದರು: ಮೂವತ್ತೊಂಬತ್ತು. ಗೋಡೆಯಾಚೆ ತಾರಸಿಯ ಮೇಲಿನ ಬಟ್ಟಲುಗಳು ತೂಕಡಿಸುವವರಂತೆ ಸುತ್ತುತ್ತಿದ್ದವು: ಇಪ್ಪತ್ತೊಂಬತ್ತು.

"ಐದು ವರ್ಷ ಯಾಕ್ರೀ ಸುಮ್ನಿದ್ರಿ?"

ಅವಳು ಹಾಸಿಗೆಯ ಕಡೆ ನೋಡಿದಳು. ಹಿಂದೆಯೇ ಹತ್ತಿ ಬಂದಿದ್ದ ತಂಗಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು: "ಕೆಡವ್ತೀರಾ ಸಾರ್?"

"ಗೋಡೆ ಯಾಕಮ್ಮ ಕೆಡವೋದು? ಕಂಬ ಕಿತ್ತು ಬೇರೆ ಕಡೆ ನೆಟ್ರೆ ಆಯ್ತಲ್ಲ."

"ನೋಡೇ ಅಕ್ಕ! ಇಷ್ಟಕ್ಕೆ ಐದು ವರ್ಷ ಅಷ್ಟೂ ಜನರ ಬೈಗುಳ ತಿಂದ್ಯಲ್ಲೇ" ಎಂದಳು ತಂಗಿ. ಅಕ್ಕ ನೆಲಕ್ಕೆ ಬಿದ್ದ ಕಾಗದಗಳನ್ನು ಆರಿಸುತ್ತಿದ್ದಳು. ಬಗ್ಗಿದ ಮಂಡಿ ಏಳಲು ಒಪ್ಪಲಿಲ್ಲ.

ಈಗ ಮಾಪಕ ಅಲೆತಡೆಗೋಡೆಯ ತುದಿಯಲ್ಲಿದೆ. ಮೆಟ್ಟಿಲಿಲ್ಲ, ಹೋಗಿಬರಲು ಒಂದೂವರೆ ಕಿಲೋಮೀಟರ್, ದಿನಕ್ಕೆ ನಾಲ್ಕು ಸಲ. ಕೋಣೆ ಇದ್ದಲ್ಲೇ ಇದೆ. ಫಲಕದ ಮೇಲಿರುವುದು ಮಾಪಕ ಹೇಳಿದ ಅಂಕಿಯೇ. ಅದನ್ನು ಅವಳು ಧಕ್ಕೆಯಲ್ಲಿ ಕೂಗಿ ಹೇಳಿದ್ದಾಳೆ, ಅಧಿಕಾರಿಯ ಕಾಗದವನ್ನೂ ಪಕ್ಕದಲ್ಲಿ ಅಂಟಿಸಿದ್ದಾಳೆ. ದೋಣಿಯವರಲ್ಲಿ ಅರ್ಧದಷ್ಟು ಜನ ಇಂದಿಗೂ ಫಲಕದ ಅಂಕಿಯಿಂದ ಹತ್ತು ಕಳೆದೇ ಓದುತ್ತಾರೆ.