ಮಹಡಿಯ ಮೇಲಿನ ಎಂಟನೇ ಕ್ಲಾಸು

ತೊಂಬತ್ತರ ದಶಕದ ಕೊನೆಯಲ್ಲಿ ಹಲಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಅಂಗವಿಕಲ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಶಾಲೆಗಳಿಗೆ ಹೋಗುವುದು, ಅವರು ನುಂಗಿಕೊಂಡಿದ್ದ ಮಾತನ್ನು ಹೆಡ್‌ಮಿಸ್ಟ್ರೆಸ್ ಮುಂದೆ ಹೇಳುವುದು, ಇಷ್ಟೇ ಕೆಲಸ. ಇಂಥ ಮಕ್ಕಳಿಗೂ ಎಲ್ಲರ ಜೊತೆ ಓದುವ ಹಕ್ಕಿದೆ ಎನ್ನುವ ಕಾನೂನು ಆಗ ಹೊಸದು. ಅದರ ಜೆರಾಕ್ಸ್ ಪ್ರತಿ ಸದಾ ನನ್ನ ಬ್ಯಾಗಿನಲ್ಲಿರುತ್ತಿತ್ತು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಾನೂನೂ ಕೈಗೆ ಸಿಕ್ಕರೆ ಕೇಳಬೇಕೆ? ಹೋದ ಕಡೆಯೆಲ್ಲ ಜಗಳಕ್ಕೆ ತಯಾರಾಗಿಯೇ ಹೋಗುತ್ತಿದ್ದೆ.

ಆ ವರ್ಷ ಜೂನ್‌ನಲ್ಲಿ ಕೃಷ್ಣರಾಜಪುರದ ಕಡೆಯಿಂದ ಒಬ್ಬರು ಬಂದರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್, ಮಾತು ಕಡಿಮೆ. ಒಬ್ಬಳೇ ಮಗಳಿಗೆ ಪೋಲಿಯೊ ಆಗಿತ್ತು. ಎರಡೂ ಕಾಲಿಗೆ ಆಸರೆಯ ಕಬ್ಬಿಣದ ಪಟ್ಟಿ, ಕ್ಯಾಲಿಪರ್, ಕಟ್ಟಿ, ಕಂಕುಳಲ್ಲಿ ಊರುಗೋಲಿಟ್ಟುಕೊಂಡರೆ ಸಮತಟ್ಟಾದ ನೆಲದ ಮೇಲೆ ನನಗಿಂತ ಚುರುಕಾಗಿ ನಡೆಯುತ್ತಿದ್ದಳು. ಮೆಟ್ಟಿಲು ಮಾತ್ರ ಆಗುತ್ತಿರಲಿಲ್ಲ. ಏಳನೇ ಕ್ಲಾಸಿನವರೆಗೆ ಕೆಳಗೇ ಇತ್ತು, ತೊಂದರೆಯಾಗಿರಲಿಲ್ಲ. ಎಂಟನೆಯದು ಮಹಡಿಯ ಮೇಲೆ.

"ಬೆಳಿಗ್ಗೆ ನಾನೇ ಎತ್ಕೊಂಡು ಹೋಗಿ ಕೂರಿಸ್ತೀನಿ ಮೇಡಂ. ಅದಕ್ಕೇ ಸೆಕೆಂಡ್ ಶಿಫ್ಟ್ ಹಾಕಿಸ್ಕೊಂಡಿದೀನಿ. ಸಾಯಂಕಾಲ ಸ್ಕೂಲಿನ ಪ್ಯೂನು ಇಳಿಸ್ತಾನೆ," ಎಂದರು. ಆಮೇಲೆ ತಲೆ ತಗ್ಗಿಸಿ, "ಟಾಯ್ಲೆಟ್ಟು ಕೆಳಗಡೆ. ಅದಕ್ಕೆ ಅವಳು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ," ಎಂದರು.

ಎಂಟನೇ ಕ್ಲಾಸನ್ನು ಕೆಳಗೆ ತರಬೇಕು, ಅಷ್ಟೇ. ಹೊಸ ಕಟ್ಟಡ ಬೇಕಿಲ್ಲ, ಯಾರಿಗೂ ಕಾಸು ಖರ್ಚಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಎಂದುಕೊಂಡು ನಾನೂ ಅವರ ಜೊತೆ ಹೋದೆ.

ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಕಾಫಿ ಕೊಡಿಸಿದರು, ಮಗುವನ್ನು ಬಾಯಿ ತುಂಬ ಹೊಗಳಿದರು. ಆದರೆ ಕೆಳಗೆ ಆಫೀಸು, ಎಲ್‌ಕೆಜಿಯಿಂದ ಏಳನೆಯವರೆಗಿನ ಕ್ಲಾಸುಗಳು; ಚಿಕ್ಕವರನ್ನು ಮೇಲೆ ಕಳಿಸುವಂತಿಲ್ಲ ಎಂದರು. ಉಳಿದದ್ದು ಕಂಪ್ಯೂಟರ್ ರೂಮು. ಅದರ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಳಗೆ ಕಂಪ್ಯೂಟರ್‌ಗಳಿಗೆಲ್ಲ ಹೂವಿನ ಚಿತ್ರದ ಬಟ್ಟೆ ಹೊದಿಸಿದ್ದರು. ಅದನ್ನು ಮೇಲೆ ಸಾಗಿಸಬಹುದಲ್ಲ ಎಂದೆ.

"ಮೇಲೆ ಶೀಟಿನ ಚಾವಣಿ ಮೇಡಂ. ಬಿಸಿಲಿಗೆ ಕಂಪ್ಯೂಟರ್ ಹಾಳಾಗ್ಬಿಡುತ್ತೆ."

"ಮಕ್ಕಳು ಹಾಳಾಗಲ್ವಾ?" ಎಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಅಪ್ಪ ನನ್ನ ಪರವಾಗಿ ಅವರ ಕ್ಷಮೆ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಕಾನೂನಿನ ಪ್ರತಿ ತೆಗೆದು ಕೊಟ್ಟೆ. ಆಕೆ ಓದಿ, "ಸ್ಕೂಲ್ ಡೇ ಮುಗೀಲಿ, ಆಡಳಿತ ಮಂಡಳಿ ಮುಂದೆ ಇಡ್ತೀನಿ," ಎಂದರು.

ಸ್ಕೂಲ್ ಡೇ ಆದದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೂ ಅಪ್ಪ ಹೊತ್ತರು. ನನಗೂ ಕರೆ ಬಂದಿತ್ತು, ಹೋಗಿ ಹಿಂದೆ ಕೂತಿದ್ದೆ. ಮಕ್ಕಳ ಕೋಲಾಟ ಮುಗಿದ ಮೇಲೆ ಹೆಡ್‌ಮಿಸ್ಟ್ರೆಸ್ ಮೈಕ್ ಹಿಡಿದು, "ಮಗಳಿಗೆ ತಾವೇ ಕಾಲಾಗಿರುವ ಆದರ್ಶ ತಂದೆ" ಎಂದು ಇವರನ್ನು ವೇದಿಕೆಗೆ ಕರೆದರು. ಬಂದಿದ್ದ ಕಾರ್ಪೊರೇಟರ್ ಕೈಯಿಂದ ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಕಾರ್ಖಾನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದಿದ್ದ ಮನುಷ್ಯ ಪೇಟದ ಕೆಳಗೆ ಅಳುತ್ತಿದ್ದರು. ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ತಟ್ಟದೆ ಇರುವುದಾದರೂ ಹೇಗೆ?  ಮಗಳು ಮುಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದಳು.

ಆಡಳಿತ ಮಂಡಳಿಯ ಸಭೆ ಮುಂದಿನ ವಾರ. ಅದಕ್ಕೆ ಮೊದಲೇ ಅವರು ಹಲಸೂರಿಗೆ ಬಂದು, "ಬೇಡ ಮೇಡಂ, ಬಿಟ್ಬಿಡೋಣ," ಎಂದರು.

"ಯಾಕ್ರೀ?"

"ಅಷ್ಟು ಜನದ ಮುಂದೆ ಮರ್ಯಾದೆ ಮಾಡಿದಾರೆ. ಈಗ ಹೋಗಿ ನೀವು ಮಾಡ್ತಿರೋದು ತಪ್ಪು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಬೈದೆ, ಬೇಡಿಕೊಂಡೆ. ಶಾಲು ಹೊದಿಸಿ ಬಾಯಿಗೆ ಬೀಗ ಹಾಕಿದ್ದಾರೆ, ಅಷ್ಟೂ ಗೊತ್ತಾಗಲ್ವಾ ಎಂದೂ ಕೇಳಿದೆ. "ನಂಗೇನೂ ಭಾರ ಆಗ್ತಿಲ್ಲ ಮೇಡಂ," ಎಂದು ಕೈ ಮುಗಿದು ಹೋದರು. ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿದರೆ, "ತಂದೆಯವರೇ ಕೇಳ್ತಿಲ್ಲವಲ್ಲ," ಎಂದರು. ಶಿಕ್ಷಣ ಇಲಾಖೆಯ ಆಫೀಸಿನಲ್ಲೂ ಅದೇ ಉತ್ತರ, ಪೋಷಕರು ಬರೆದು ಕೊಡಲಿ ಎಂದು. ಮಗು ನನ್ನದಲ್ಲ. ಬ್ಯಾಗಿನಲ್ಲಿ ಎಷ್ಟು ಕಾನೂನಿದ್ದರೂ ನಾನು ಮೂರನೆಯವಳು. ಅಷ್ಟು ಅಸಹಾಯಕಳಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹುಡುಗಿ ದೊಡ್ಡವಳಾದಳು. ಅವರಮ್ಮ ಕರೆದರೆಂದು ಕ್ವಾರ್ಟರ್ಸಿಗೆ ಹೋದೆ. ಆರತಿಯಾಗಿತ್ತು, ಎಳ್ಳು ಬೆಲ್ಲದ ಚಿಗಳಿ ಉಂಡೆ ಕೊಟ್ಟರು. ಅಪ್ಪ ಹೊರಗೆ ಸೈಕಲ್ ಒರೆಸುತ್ತಿದ್ದರು, ಒಳಗೆ ಬರಲೇ ಇಲ್ಲ. ಇನ್ನು ಮೇಲೆ ಹೆತ್ತ ಅಪ್ಪನಾದರೂ ಅವಳನ್ನು ಹಾಗೆ ಎತ್ತಿಕೊಳ್ಳುವಂತಿಲ್ಲ ಎಂದು ಮನೆಯಲ್ಲಿದ್ದ ಅಜ್ಜಿ ಖಡಾಖಂಡಿತವಾಗಿ ಹೇಳಿಯಾಗಿತ್ತು. ಪ್ಯೂನಿನ ಮಾತಂತೂ ದೂರವೇ ಉಳಿಯಿತು.

"ಓದು ಬಿಡಿಸಲ್ಲ ಮೇಡಂ," ಎಂದರು ಅಮ್ಮ. "ಸೋಮವಾರದಿಂದ ನಾನೇ ಎತ್ಕೊಂಡು ಹೋಗ್ತೀನಿ. ನೀವೂ ಬನ್ನಿ, ಧೈರ್ಯ ಇರುತ್ತೆ."

ಸೋಮವಾರ ನಾನು ಹೋಗುವಷ್ಟರಲ್ಲಿ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಮೆಟ್ಟಿಲು ಮೈದಾನಕ್ಕೆ ಎದುರಾಗಿಯೇ ಇತ್ತು. ಅಮ್ಮ ಬಡಕಲು ಹೆಂಗಸು. ಮಗಳನ್ನು ಎತ್ತಿಕೊಂಡು ಎರಡು ಮೆಟ್ಟಿಲು ಹತ್ತುವುದರಲ್ಲಿ ಏದುಸಿರು ಬಿಟ್ಟರು, ಕಾಲು ನಡುಗಿತು. "ಇಳ್ಸಮ್ಮ, ಬೀಳ್ತೀಯ," ಎಂದಳು ಹುಡುಗಿ.

ಅವಳು ಮೆಟ್ಟಿಲ ಮೇಲೆ ಕೂತಳು. ಬೆನ್ನು ಮೇಲಕ್ಕೆ, ಮುಖ ಮೈದಾನಕ್ಕೆ. ಎರಡೂ ಕೈ ಹಿಂದಕ್ಕೆ ಊರಿ, ಮೈಯನ್ನು ಎತ್ತಿ, ಒಂದು ಮೆಟ್ಟಿಲು ಮೇಲೆ ಕೂತಳು. ಕ್ಯಾಲಿಪರಿನ ಕಬ್ಬಿಣ ಕಲ್ಲಿಗೆ ಬಡಿಯಿತು. ಮತ್ತೆ ಕೈ ಊರಿದಳು. ಯೂನಿಫಾರಂ ಲಂಗ ಮೇಲೆ ಸರಿದರೆ ನಿಲ್ಲಿಸಿ ಎಳೆದುಕೊಳ್ಳುತ್ತಿದ್ದಳು. ಪ್ರಾರ್ಥನೆ ಹಾಡುತ್ತಿದ್ದ ಮಕ್ಕಳಲ್ಲಿ ಒಂದೊಂದೇ ದನಿ ನಿಂತಿತು, ಕೊನೆಗೆ ಮೇಷ್ಟ್ರೊಬ್ಬರೇ ಹಾಡುತ್ತಿದ್ದರು. ನಾನು ಅವಳ ಊರುಗೋಲು ಹಿಡಿದುಕೊಂಡು ಕೆಳಗೆ ನಿಂತಿದ್ದೆ. 

ಅವಳು ಮೇಲೆ ತಲುಪಿದಳು. ನಾನು ಓಡಿಹೋಗಿ ಊರುಗೋಲು ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಅಂಗೈಯ ಮಣ್ಣು ಕೊಡವಿ, ಲಂಗ ಸರಿಮಾಡಿಕೊಂಡು, ಹಿಂದಕ್ಕೆ ತಿರುಗಿ ತನ್ನ ಕ್ಲಾಸನ್ನು ಒಂದು ಗಳಿಗೆ ನೋಡಿದಳು.

"ಹತ್ತೋಕೆ ಬರುತ್ತೆ ಆಂಟಿ," ಎಂದಳು. "ಎಲ್ರೂ ನೋಡಿದ್ರಲ್ಲ. ಸಾಕು, ಮನೆಗೆ ಹೋಗೋಣ. ಇಳಿಸಿಬಿಡಿ."

ನಾನೂ ಅವರಮ್ಮನೂ ಸೇರಿ ಇಳಿಸಿದೆವು. ಅವಳು ಮತ್ತೆ ಆ ಶಾಲೆಗೆ ಹೋಗಲಿಲ್ಲ.