ಬಟನ್ ಹಿಂದಿನ ಅಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಮೆಟ್ಟಿಲಡಿಯ ಪುಟ್ಟ ಕೋಣೆಯಲ್ಲಿ ಕನ್ನಡಕ ಹಣೆಗೇರಿಸಿ ಕೂತಿದ್ದಾರೆ ‘ಕಂಪ್ಯೂಟರ್ ಅಕ್ಕ’. ಡಯಾಲಿಸಿಸ್ ವಿಭಾಗದ ವೆಬ್ ಪುಟ ಇವತ್ತು ಮುನಿಸಿಕೊಂಡಿದೆ. ಚಿಕಿತ್ಸೆಗೆ ಬರುವವರು ಏಳು ಗಂಟೆಯೊಳಗೆ ಅಲ್ಲಿ ‘ಬರುತ್ತೇನೆ’ ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ ಅವರ ಯಂತ್ರ ಕಾದು ಕೂತ ಇನ್ನೊಬ್ಬರ ಪಾಲು. ಹನ್ನೆರಡು ಯಂತ್ರ, ಮೂರು ಸರದಿ, ದಿನಕ್ಕೆ ಮೂವತ್ತಾರು ಜೀವ.

ಬಟನ್ ಒತ್ತಿದಾಗ ಓಡಬೇಕಾದ ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಅಕ್ಕ ತಮ್ಮ ಕಂಪ್ಯೂಟರಿನಿಂದ ತಾವೇ ಓಡಿಸುತ್ತಾರೆ. ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ. ಪುಟದಿಂದ ಒತ್ತಿದರೆ ಮಾತ್ರ ಮುಗ್ಗರಿಸುತ್ತದೆ.

“ನನ್ನ ಕೈಯಲ್ಲಿ ಓಡ್ತು ಅಂತ ಎದ್ದು ಹೋಗೋ ಹಾಗಿಲ್ಲ. ನಾನು ಮನೆಯವಳು, ಬೀಗದ ಕೈ ಸೊಂಟದಲ್ಲೇ ಇರುತ್ತೆ. ಪುಟ ಹೊರಗಿಂದ ಬಂದ ನೆಂಟ ಇದ್ದ ಹಾಗೆ. ಯಾವ ಬಾಗಿಲು ಹಾಕಿದೆ ಅಂತ ಅದರ ಕಾಲಲ್ಲೇ ನಡೆದು ನೋಡ್ಬೇಕು.”

ಸರ್ವರ್ ತನ್ನ ಗೋಳೆಲ್ಲ ಬರೆದಿಡುವ ಲಾಗ್ ಫೈಲನ್ನು ತೆರೆಯುತ್ತಾರೆ. ಕೊನೆಯ ಸಾಲಿನಲ್ಲೇ ಉತ್ತರ: ನಿನ್ನೆ ಸಂಜೆ ಸೇರಿಸಿದ ಹೊಸ ಸರದಿ ಪಟ್ಟಿಯನ್ನು ಓದಲು ಪುಟಕ್ಕೆ ಅನುಮತಿಯೇ ಇಲ್ಲ. ಸೇರಿಸಿದ್ದು ಯಾರು? ಸಾಕ್ಷಾತ್ ಅಕ್ಕ! “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು” ಎಂದು ನಗುತ್ತಾ ಅನುಮತಿ ಕೊಡುತ್ತಾರೆ. ಆರೂಕಾಲಿಗೆ ಪುಟ ಸರಿಯಾಗುತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ ಬೆರಳಚ್ಚುಗಾರ್ತಿಯಾಗಿ ಬಂದವರು ಇದನ್ನೆಲ್ಲ ಕೆಟ್ಟು ಕೆಟ್ಟು ಕಲಿತರು. ಕೆಲಸ ಇಂದಿಗೂ ಗುತ್ತಿಗೆಯದ್ದೇ. ಗೋಡೆಯ ಮೇಲಿನ ಸಿಬ್ಬಂದಿ ಫೋಟೊದಲ್ಲಿ ಅವರಿಲ್ಲ. ಅದನ್ನು ತೆಗೆಯುವಾಗಲೂ ಇದೇ ಕೋಣೆಯಲ್ಲಿ ಏನೋ ರಿಪೇರಿ ಮಾಡುತ್ತಿದ್ದರಂತೆ.

ಅತ್ತೆಯ ಮಾತು ಬಂದಾಗ ಮಾತ್ರ ನಗು ಮಾಯವಾಗುತ್ತದೆ. ಅತ್ತೆಗೂ ಇಲ್ಲೇ ಡಯಾಲಿಸಿಸ್ ನಡೆಯುತ್ತಿತ್ತು. ಒಂದು ಬೆಳಿಗ್ಗೆ, ಸೊಸೆ ಕೆಲಸಕ್ಕೆ ಹೊರಟ ಮೇಲೆ, ಬಟನ್ ಒತ್ತಿದ ಅತ್ತೆಗೆ ಕಂಡದ್ದು ‘ಸರ್ವರ್ ದೋಷ 500’. ತಾನೇ ಏನೋ ಕೆಡಿಸಿದೆ ಎಂದುಕೊಂಡ ಮುದುಕಿ ಯಾರಿಗೂ ಹೇಳದೆ ಸುಮ್ಮನಾದರು. ಸರದಿ ತಪ್ಪಿತು. ಮರುದಿನ ಉಸಿರಾಡಲಾಗದೆ ಸ್ಟ್ರೆಚರ್ ಮೇಲೆ ಬಂದರು. ಪುಣ್ಯಕ್ಕೆ ಉಳಿದರು.

“‘ಬೈತೀಯೇನೋ ಅಂತ ಹೇಳ್ಲಿಲ್ಲ ಕಣೇ’ ಅಂದ್ರು. ಅದು ಇವತ್ತಿಗೂ ಕರುಳು ಹಿಂಡುತ್ತೆ” ಎನ್ನುತ್ತಾರೆ ಅಕ್ಕ.

ಅಂದೇ ಆ ಒಣ ಸಾಲನ್ನು ಅಳಿಸಿದರು. ಈಗ ಪುಟ ಕೆಟ್ಟರೆ ಕಾಣುವುದು ಹೀಗೆ: ‘ತಪ್ಪು ನಿಮ್ಮದಲ್ಲ. ನಿಮ್ಮ ಸರದಿ ಎಲ್ಲೂ ಹೋಗುವುದಿಲ್ಲ. ಫೋನ್ ಮಾಡಿ.’ ಕೆಳಗೆ ಅಕ್ಕನದೇ ನಂಬರು.

ಫೋನ್ ಬರುತ್ತದೆ. ಮೊದಲ ಸರದಿಯ ಟೈಲರ್ ತಾತ.

“ತಪ್ಪು ನಂದಲ್ಲ ಅಂತ ಬಂದಿತ್ತಮ್ಮ. ನಿಜ ತಾನೇ?”

“ನಿಜ ತಾತ, ತಪ್ಪು ನಂದೇ. ಈಗ ಇನ್ನೊಂದ್ಸಲ ಒತ್ತಿ ನೋಡಿ.”

ಪರದೆಯ ಮೇಲೆ ತಾತನ ಸಾಲು ಹಸಿರಾಗುವವರೆಗೂ ಅಕ್ಕ ಫೋನ್ ಇಡುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ತುಸು ನಾಚುತ್ತಾರೆ. “ಇಷ್ಟು ವರ್ಷದಲ್ಲಿ ನಾನು ಬರೆದಿರೋ ಒಳ್ಳೇ ಮಾತು ಅಂದ್ರೆ ಆ ಮೂರು ಸಾಲೇ. ಪುಟ ಕೆಟ್ಟು ಅದನ್ನ ಯಾರೂ ಓದೋ ಹಾಗಾಗ್ಬಾರ್ದು, ಅಷ್ಟೇ.”