ವಸ್ತಾದರ ಮುಗಿಯದ ಕುಸ್ತಿ

ಹಳೇ ಹುಬ್ಬಳ್ಳಿಯ ಗರಡಿಮನೆಯಲ್ಲಿ ಮಾಲೀಶು ಮಾಡಿ ಎಲುಬು ಕೂಡಿಸುತ್ತಿದ್ದ ಹಳೆಯ ಪೈಲವಾನರೊಬ್ಬರನ್ನು ಎಲ್ಲರೂ ವಸ್ತಾದರು ಎಂದೇ ಕರೆಯುತ್ತಿದ್ದರು. ಕುತ್ತಿಗೆ ಹಿಡಿದಿದೆ ಎಂದು ಹೋದವರಿಗೂ ಮೊದಲು ಪಾದ ತಿಕ್ಕುತ್ತಿದ್ದರು. ಕೇಳಿದರೆ, "ಕೂಗೂದು ಒಂದು ಕಡೆ, ಕೆಟ್ಟಿದ್ದು ಇನ್ನೊಂದು ಕಡೆ ಇರತೈತ್ರಿ" ಎನ್ನುತ್ತಿದ್ದರು.

ಕೈ ಆಡುವಷ್ಟು ಹೊತ್ತೂ ತಮ್ಮ ಹರೆಯದ ಒಂದು ಕುಸ್ತಿಯ ಕಥೆ ಹೇಳುವುದು ಅವರ ರೂಢಿ. ಕಥೆಯಲ್ಲಿ ಎದುರಾಳಿ ಅವರ ಕಾಲಿಗೆ ಕೈ ಹಾಕುವ ಹೊತ್ತಿಗೆ ಮಲಗಿದವನು ಮೈಮರೆತಿರುತ್ತಿದ್ದ. ಆಗಲೇ ಎಲುಬು ಲಟಕ್ಕೆಂದು ಕೂಡುತ್ತಿತ್ತು. ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಗೆದ್ದವರು ಯಾರು ಎಂದರೆ, "ನೋವು ಹೋತಿಲ್ರಿ? ಏಳ್ರಿ ಇನ್ನ" ಎಂದು ನಗುತ್ತಿದ್ದರು.

ಹತ್ತಿಯ ಅಂಡಿಗೆ ಹೊರುತ್ತಿದ್ದ ನನ್ನ ಅಣ್ಣನ ಸೊಂಟ ಹಿಡಿದಾಗ ಟಾಂಗಾದಲ್ಲಿ ಅಲ್ಲಿಗೇ ಕರೆದೊಯ್ದೆ. ವಸ್ತಾದರು ಪಾದದಿಂದ ಶುರುಮಾಡಿದರು, ಕಥೆಯೂ ಶುರುವಾಯಿತು. ಕೈ ಬೆನ್ನಿಗೆ ಬಂದು ಒಂದು ಕಡೆ ನಿಂತಿತು. ಕೆಳಗೆ ಹೋಗಿ, ಮತ್ತೆ ಅಲ್ಲಿಗೇ ಬಂದು ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ. ಎದುರಾಳಿ ಕಾಲಿಗೆ ಕೈ ಹಾಕಿದ. ನಾನು ಲಟಕ್ಕೆನ್ನುವ ಆ ಸದ್ದಿಗಾಗಿ ಕಾದೆ. ಸದ್ದು ಬರಲಿಲ್ಲ. ಕಥೆ ಮುಂದೆ ಹೋಯಿತು.

"ಆಮ್ಯಾಲೆ ಏನಾತ್ರಿ?" ಎಂದ ಅಣ್ಣ.

"ಆಮ್ಯಾಲೇನ್ರಿ, ನಾನ ಬಿದ್ನಿ."

ವಸ್ತಾದರು ಅವನ ಬೆನ್ನ ಮೇಲೆ ಧೋತರ ಹೊದಿಸಿ, ನನ್ನನ್ನು ಬಾಗಿಲಿಗೆ ಕರೆದು ಮೆಲ್ಲಗೆ, "ಟಾಂಗಾ ಕಳಿಸಬ್ಯಾಡ್ರಿ. ಸೀದಾ ದೊಡ್ಡ ದವಾಖಾನಿಗೆ ಹೋಗ್ರಿ" ಎಂದರು.

ದಾರಿಯುದ್ದಕ್ಕೂ ಅಣ್ಣ ಹಿಗ್ಗುತ್ತಿದ್ದ. "ಆ ಕಥಿ ಪೂರಾ ಕೇಳಿದಾಂವ ಈ ಊರಾಗ ನಾನೊಬ್ಬನ ನೋಡೋ ತಮ್ಮಾ!"